ಶುಲ್ಕ ಕಟ್ಟುವ ಮುನ್ನ

ಅಂಗವೈಕಲ್ಯ ಮತ್ತು ಸಮಾಜದ ಸಂಬಂಧವನ್ನು ಆನ್‌ಲೈನ್ ಸ್ನಾತಕೋತ್ತರ ಕೋರ್ಸಿನ ಮೂಲಕ ಅಭ್ಯಸಿಸಬಯಸುವವರು ಮೊದಲು ತಿಳಿಯಬೇಕಾದುದೆಂದರೆ, ಇದು ಚಿಕಿತ್ಸೆಯನ್ನಾಗಲಿ ವಿಶೇಷ ಶಿಕ್ಷಣವನ್ನಾಗಲಿ ಕಲಿಸುವ ಶಾಸ್ತ್ರವಲ್ಲ; ಆ ವೃತ್ತಿಗಳಿಗೆ ಬೇರೆಯೇ ತರಬೇತಿ ಬೇಕಾಗುತ್ತದೆ, ವಿಶೇಷ ಶಿಕ್ಷಣಕ್ಕಂತೂ ಅದು ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯುಳ್ಳದ್ದಾಗಿರಬೇಕು. ಇದರ ತಿರುಳು 1983ರಲ್ಲಿ ಬ್ರಿಟನ್ನಿನ ಮೈಕ್ ಆಲಿವರ್ ಹೆಸರಿಸಿದ ‘ಸಾಮಾಜಿಕ ಮಾದರಿ’, ಅಂದರೆ ದೇಹದ ಊನಕ್ಕಿಂತ ಮೆಟ್ಟಿಲು, ಬಸ್ಸು, ಕಚೇರಿ ಮತ್ತು ಮನೋಭಾವಗಳೇ ವ್ಯಕ್ತಿಯನ್ನು ಅಶಕ್ತಗೊಳಿಸುತ್ತವೆ ಎಂಬ ವಾದ. ಆದರೆ ನೋವು, ದಣಿವುಗಳನ್ನು ಅದು ಕಡೆಗಣಿಸುತ್ತದೆಂಬ ಸಮಾಜಶಾಸ್ತ್ರಜ್ಞ ಟಾಮ್ ಶೇಕ್ಸ್‌ಪಿಯರ್ ಅವರ ಆಕ್ಷೇಪವನ್ನೂ ಜೊತೆಗೇ ಓದದಿದ್ದರೆ ಅಧ್ಯಯನವು ಘೋಷಣೆಯ ಮಟ್ಟದಲ್ಲೇ ನಿಂತುಬಿಡುತ್ತದೆ.

ದೂರದಿಂದ ಕಲಿಯುವುದು ಎರಡನೆಯ ದರ್ಜೆಯದೆಂದು ಹಿಂಜರಿಯಬೇಕಿಲ್ಲ. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯವು 1975ರಲ್ಲಿ ಆರಂಭಿಸಿದ ದೂರಶಿಕ್ಷಣದ ಪಾಠಕ್ರಮವೇ ಈ ಶಾಸ್ತ್ರದ ಮೊದಲ ಹೆಜ್ಜೆಗಳಲ್ಲೊಂದು. ಅದರ ಬೆಳವಣಿಗೆಯಲ್ಲಿ ಪಾಲ್ಗೊಂಡವರಲ್ಲಿ, ದಕ್ಷಿಣ ಆಫ್ರಿಕದ ವರ್ಣಭೇದ ಸರ್ಕಾರದ ಸೆರೆಮನೆ ಕಂಡಿದ್ದ, ಗಾಲಿಕುರ್ಚಿ ಬಳಸುತ್ತಿದ್ದ ವಿಕ್ ಫಿಂಕೆಲ್‌ಸ್ಟೈನ್ ಒಬ್ಬರು.

ಕೋರ್ಸಿನ ಪಠ್ಯವು ಪರದೆ ಓದುವ ತಂತ್ರಾಂಶಕ್ಕೆ ಒಗ್ಗುತ್ತದೆಯೇ, ಉಪನ್ಯಾಸಗಳಿಗೆ ಅಡಿಬರಹವಿದೆಯೇ, ಬೋಧಕರಲ್ಲಿ ಅಂಗವಿಕಲರಿದ್ದಾರೆಯೇ ಎಂದು ಮೊದಲೇ ವಿಚಾರಿಸುವುದು ಒಳಿತು (ಅಚ್ಚರಿಯೆಂದರೆ, ಈ ವಿಷಯವನ್ನೇ ಬೋಧಿಸುವಲ್ಲೂ ಇವು ತಪ್ಪಿಹೋಗಬಹುದು). ವಿದೇಶಿ ಪಠ್ಯವನ್ನು ಆರಿಸಿಕೊಂಡವರು, 1995ರ ಭಾರತೀಯ ಅಂಗವಿಕಲರ ಕಾಯಿದೆಯ 7 ಅಂಗವೈಕಲ್ಯ ವರ್ಗಗಳು 2016ರ ಕಾಯಿದೆಯಲ್ಲಿ 21 ಆದುದೇಕೆಂಬುದನ್ನು ತಾವಾಗಿಯೇ ಓದಿಕೊಳ್ಳಬೇಕಾಗುತ್ತದೆ.