ಹಡಗಿನ ಹೆಜ್ಜೆಗುರುತು

ರಾಯಚೂರು ಜಿಲ್ಲೆಗೆ ಕಡಲಿಲ್ಲ, ದಾಟಬೇಕಾದ ಹೊಳೆಗಳುಂಟು. ಉತ್ತರದಲ್ಲಿ ದೇವದುರ್ಗದ ಅಂಚಿಗೆ ಕೃಷ್ಣೆ, ದಕ್ಷಿಣದಲ್ಲಿ ಮಾನ್ವಿಯ ಅಂಚಿಗೆ ತುಂಗಭದ್ರೆ. ಈ ಹೊಳೆಗಳಲ್ಲಿ ಹರಿಗೋಲುಗಳು ಜನರನ್ನೂ ದವಸದ ಚೀಲಗಳನ್ನೂ ಸೈಕಲ್ಲುಗಳನ್ನೂ ದಾಟಿಸುತ್ತ ಬಂದಿವೆ. ದಡದಲ್ಲಿ ನಿಂತವನಿಗೆ ಹರಿಗೋಲು ಎಲ್ಲಿದೆಯೆಂದು ಕಣ್ಣಿಗೇ ಕಾಣುತ್ತದೆ. ಆಚೆಯ ದಡದ ಅಂಬಿಗನನ್ನು ಅವನು ಕೂಗಿ ಕರೆಯಬಲ್ಲನು. ಸಾವಿರಾರು ಕಾರುಗಳನ್ನು ಹೊತ್ತು ಸಾಗರ ದಾಟುವ ಹಡಗಾದರೋ ಬಂದರು ಬಿಟ್ಟ ಕೆಲವೇ ಗಂಟೆಗಳಲ್ಲಿ ದೃಷ್ಟಿಗೆ ಮರೆಯಾಗುತ್ತದೆ. ಆದರೂ ಅದು ಎಲ್ಲಿಂದ ಹೊರಟಿತು, ಎತ್ತ ಸಾಗುತ್ತಿದೆ ಎಂಬುದನ್ನು ರಾಯಚೂರು ನಗರದಲ್ಲಿ ಕುಳಿತ ವಿದ್ಯಾರ್ಥಿಯೂ ಇಂದು ಮೊಬೈಲಿನಲ್ಲಿ ನೋಡಬಹುದು.

ಇಂತಹ ಹಡಗು ಕಿಟಕಿಗಳಿಲ್ಲದ ಬಹುಮಹಡಿ ಕಟ್ಟಡದಂತೆ ತೋರುತ್ತದೆ. ಕಾರುಗಳನ್ನು ಕ್ರೇನಿನಿಂದ ಎತ್ತಿಡುವ ಗೋಜಿಲ್ಲ. ಹಡಗಿನಿಂದ ದಡಕ್ಕೆ ಇಳಿಬಿಟ್ಟ ಇಳಿಜಾರಿನ ಮೇಲೆ ಚಾಲಕರು ಅವನ್ನು ಒಳಗೆ ಓಡಿಸಿಕೊಂಡು ಹೋಗಿ, ಅಂತಸ್ತು ಅಂತಸ್ತಾಗಿ ನಿಲ್ಲಿಸಿ, ಅಲುಗದಂತೆ ಪಟ್ಟಿಗಳಿಂದ ಬಿಗಿಯುತ್ತಾರೆ.

ಹಡಗಿನ ಹೆಸರು ಬದಲಾಗಬಹುದು, ಒಡೆಯರು ಬದಲಾಗಬಹುದು, ಧ್ವಜವೂ ಬದಲಾಗಬಹುದು. ಬದಲಾಗದಿರುವುದು ಅದಕ್ಕೆ ದೊರೆತ ಏಳು ಅಂಕಿಗಳ ಸಂಖ್ಯೆ. 2002ರಲ್ಲಿ ನಿರ್ಮಾಣವಾದ ‘ಗ್ಯಾಲಕ್ಸಿ ಲೀಡರ್’ ಎಂಬ ಕಾರು ಸಾಗಣೆಯ ಹಡಗಿನ ಸಂಖ್ಯೆ 9237307. ಇದರ ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ 127 ಬರುತ್ತದೆ. ಆ ಮೊತ್ತದ ಕೊನೆಯ ಅಂಕಿ 7. ಹಡಗಿನ ಸಂಖ್ಯೆಯ ಏಳನೆಯ ಅಂಕಿಯೂ 7. ಬರೆಯುವಾಗ ಒಂದು ಅಂಕಿ ತಪ್ಪಿದರೆ ಈ ಲೆಕ್ಕ ಬಹುಮಟ್ಟಿಗೆ ಅದನ್ನು ಹಿಡಿದುಕೊಡುತ್ತದೆ.

ಅಂತರರಾಷ್ಟ್ರೀಯ ಯಾನ ಕೈಗೊಳ್ಳುವ, 300 ಟನ್ನೇಜು ಹಾಗೂ ಅದಕ್ಕೂ ಮಿಗಿಲಾದ ಹಡಗುಗಳು ಎ.ಐ.ಎಸ್. ಎಂಬ ರೇಡಿಯೋ ಯಂತ್ರವನ್ನು ಹೊಂದಿರಲೇಬೇಕು. ಚಲಿಸುತ್ತಿರುವಾಗ ಇದು ಕೆಲವೇ ಸೆಕೆಂಡುಗಳಿಗೊಮ್ಮೆ ಹಡಗಿನ ಗುರುತು, ಸ್ಥಾನ, ದಿಕ್ಕು, ವೇಗಗಳನ್ನು ಸಾರುತ್ತದೆ. ಲಂಗರು ಹಾಕಿದಾಗ ಮೂರು ನಿಮಿಷಗಳಿಗೊಮ್ಮೆ. ಮಂಜಿನಲ್ಲಿ, ಇರುಳಿನಲ್ಲಿ ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಿರಲೆಂಬುದೇ ಇದರ ಮೂಲ ಉದ್ದೇಶ. ದಡದ ಕೇಂದ್ರಗಳೂ ಉಪಗ್ರಹಗಳೂ ಈ ಸಾರಿಕೆಯನ್ನು ಆಲಿಸಿ ದಾಖಲಿಸುತ್ತವೆ. ಬಂದರಿನ ಎಲ್ಲೆಯೊಳಗೆ ವೇಗ ಸೊನ್ನೆಗಿಳಿದು ಕೆಲಕಾಲ ಹಾಗೆಯೇ ಉಳಿದರೆ, ಹಡಗು ಅಲ್ಲಿ ತಂಗಿತೆಂದು ಊಹಿಸಲಾಗುತ್ತದೆ. ಮುಂದಿನ ಬಂದರಿನ ಹೆಸರನ್ನು ಮಾತ್ರ ನಾವಿಕರು ಕೈಯಿಂದಲೇ ತುಂಬಬೇಕು. ಅದರಲ್ಲಿ ಮರೆವೂ ನುಸುಳಬಹುದು, ಸುಳ್ಳೂ ನುಸುಳಬಹುದು. ಆದುದರಿಂದ ಅದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

ಇಷ್ಟೆಲ್ಲ ಇದ್ದರೂ ಹಡಗು ಮೌನ ತಾಳಿದರೆ ಅದರ ಜಾಡು ಅಲ್ಲಿಗೇ ಕಡಿಯುತ್ತದೆ. ತನ್ನ ನೆಲೆಯನ್ನು ಲೋಕಕ್ಕೆಲ್ಲ ಸಾರುವ ಹಡಗನ್ನು ಮಿತ್ರರಂತೆ ಶತ್ರುಗಳೂ ಕಾಣುತ್ತಾರೆ. ದಾಳಿಯ ಭಯವಿರುವಲ್ಲಿ ಯಂತ್ರವನ್ನು ನಿಲ್ಲಿಸಲು ಕಪ್ತಾನನಿಗೆ ಅವಕಾಶವುಂಟು. ನುಡಿದರೂ ಆಪತ್ತು, ನುಡಿಯದಿದ್ದರೂ ಆಪತ್ತು ಎಂಬಂತಹ ಇಕ್ಕಟ್ಟು ಅವನದು.

2023ರ ನವೆಂಬರಿನಲ್ಲಿ ‘ಗ್ಯಾಲಕ್ಸಿ ಲೀಡರ್’ ತುರ್ಕಿಯ ಕೊರ್ಫೆಜ್‌ನಿಂದ ಗುಜರಾತಿನ ಪಿಪಾವಾವ್ ಬಂದರಿನತ್ತ ಬರುತ್ತಿತ್ತು. ಕೆಂಪು ಸಮುದ್ರದಲ್ಲಿ, ಜಿದ್ದಾದ ನೈಋತ್ಯಕ್ಕೆ, ಅದರ ಸಾರಿಕೆ ನಿಂತಿತು, ಯಂತ್ರವನ್ನು ನಿಲ್ಲಿಸಲಾಗಿತ್ತು. ಆದರೂ ಮೌನ ಅದನ್ನು ಕಾಯಲಿಲ್ಲ. ನವೆಂಬರ್ 19ರಂದು ಯೆಮನಿನ ಹೂತಿ ಬಂಡುಕೋರರು ಹೆಲಿಕಾಪ್ಟರಿನಿಂದ ಅದರ ಮೇಲಿಳಿದು ಹಡಗನ್ನು ವಶಪಡಿಸಿಕೊಂಡರು. ಬೇರೆ ಬೇರೆ ದೇಶಗಳ 25 ನಾವಿಕರು ಸೆರೆಯಾದರು. ಅವರ ಬಿಡುಗಡೆಯಾದುದು 2025ರ ಜನವರಿ 22ರಂದು, ಹದಿನಾಲ್ಕು ತಿಂಗಳುಗಳ ಬಳಿಕ. ಹಡಗು ಯೆಮನಿನ ತೀರದಲ್ಲೇ ಉಳಿಯಿತು. ಅದೇ ವರ್ಷದ ಜುಲೈಯಲ್ಲಿ ಇಸ್ರೇಲ್ ಅದರ ಮೇಲೆ ದಾಳಿ ನಡೆಸಿತು. ಆ ಮಾರ್ಗದಲ್ಲಿ ಹಾದುಹೋಗುವ ಇತರ ಹಡಗುಗಳ ಜಾಡು ಹಿಡಿಯಲು ಅದರಲ್ಲಿ ರೇಡಾರ್ ಅಳವಡಿಸಲಾಗಿತ್ತೆಂದು ಇಸ್ರೇಲಿನ ಸೇನೆ ತಿಳಿಸಿತು.