ಉಡುಪಿಯ ರಥಬೀದಿ

ಯುರೋಪಿನ ಹಳೆಯ ಪಟ್ಟಣಗಳಲ್ಲಿ ಊರ ನಡುವೆ ವಿಶಾಲವಾದ ಚೌಕವೊಂದನ್ನು ಬಿಟ್ಟಿರುವುದುಂಟು. ಬೆಲ್ಜಿಯಂ ದೇಶದ ರಾಜಧಾನಿ ಬ್ರಸೆಲ್ಸಿನ ‘ಗ್ರಾಂಡ್ ಪ್ಲಾಸ್’ ಇವುಗಳಲ್ಲಿ ಬಹು ಪ್ರಸಿದ್ಧವಾದುದು. ಮೊದಲು ಅದು ಸಂತೆಯ ಸ್ಥಳ. 1695ರಲ್ಲಿ ಫ್ರೆಂಚ್ ಸೈನ್ಯದ ಫಿರಂಗಿಗಳಿಗೆ ಸಿಕ್ಕಿ ಸುತ್ತಲಿನ ಮನೆಗಳು ಬಹುಪಾಲು ನಾಶವಾದವು. ವರ್ತಕರ ಮತ್ತು ಕುಶಲಕರ್ಮಿಗಳ ಸಂಘಗಳವರು ಕೆಲವೇ ವರ್ಷಗಳಲ್ಲಿ ಅವನ್ನು ಪುನಃ ಕಟ್ಟಿಸಿದರು. ನಡುವಿನ ಬಯಲನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. ಸುಟ್ಟ ಮನೆಯನ್ನು ಮತ್ತೆ ಕಟ್ಟಬಹುದು. ಕಳೆದುಹೋದ ಬಯಲನ್ನು ಪಡೆಯುವುದು ಸುಲಭವಲ್ಲ.

ಇಂಥದೊಂದು ಚೌಕವನ್ನು ಕಾಣಲು ಪೆರ್ಲದ ವಿದ್ಯಾರ್ಥಿಗಳು ಸಮುದ್ರ ದಾಟಬೇಕಾಗಿಲ್ಲ, ಮಂಗಳೂರು ದಾಟಿದರೆ ಸಾಕು. ಉಡುಪಿಯ ರಥಬೀದಿಯ ನಡುವೆ ಅನಂತೇಶ್ವರ, ಚಂದ್ರಮೌಳೀಶ್ವರ ದೇವಾಲಯಗಳಿವೆ. ಇವು ಶ್ರೀಕೃಷ್ಣ ಮಠಕ್ಕಿಂತಲೂ ಪ್ರಾಚೀನವಾದವು. 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಕೃಷ್ಣನನ್ನು ಪ್ರತಿಷ್ಠಾಪಿಸಿದ ಮೇಲೆ ಸುತ್ತಮುತ್ತ ಅಷ್ಟಮಠಗಳು ನೆಲೆಗೊಂಡವು. ನಮ್ಮ ಸೀಮೆಗೂ ಈ ಚರಿತ್ರೆಯಲ್ಲಿ ಪಾಲುಂಟು: ಕಾಸರಗೋಡಿನ ಬಳಿಯ ಕೂಡ್ಲಿನಲ್ಲಿ ಆಚಾರ್ಯರೊಡನೆ ವಾದ ಮಾಡಿದ ತ್ರಿವಿಕ್ರಮ ಪಂಡಿತಾಚಾರ್ಯರು ಕೊನೆಗೆ ಅವರ ಶಿಷ್ಯರೇ ಆದರು.

ರಥವೆಂಬುದು ಲಾರಿಯಂತೆ ಚಾಲಕನ ಕೈಯಲ್ಲಿ ತಿರುಗುವ ವಾಹನವಲ್ಲ. ಜನ ಹಗ್ಗ ಹಿಡಿದು ಎಳೆಯಬೇಕು, ಚಕ್ರದಡಿಗೆ ಮರದ ತುಂಡುಗಳನ್ನು ಕೊಟ್ಟು ಮೂಲೆಯಲ್ಲಿ ತಿರುಗಿಸಬೇಕು. ಬಿದಿರಿನ ಅಟ್ಟಣೆ, ಬಣ್ಣದ ಪತಾಕೆಗಳಿಂದ ಎತ್ತರಕ್ಕೇರಿದ ಬ್ರಹ್ಮರಥಕ್ಕೆ ಅಗಲವೂ ಬೇಕು, ಮೇಲೆ ತೆರೆದ ಆಕಾಶವೂ ಬೇಕು. ಅಂಗಡಿಗಳು ಒಂದೊಂದು ಗಜ ಮುಂದೆ ಬಂದರೂ ರಥ ನಿಂತುಹೋದೀತು! ಈ ಬೀದಿ ಇಂದಿಗೂ ಬೀದಿಯಾಗಿ ಉಳಿದಿರುವುದಕ್ಕೆ ರಥವೇ ದೊಡ್ಡ ಕಾವಲುಗಾರನೆಂದು ನನಗೆ ತೋರುತ್ತದೆ. ಮಕರಸಂಕ್ರಾಂತಿಯಂದು ಇಲ್ಲಿ ಮೂರು ರಥಗಳು ಎಳೆಯಲ್ಪಡುತ್ತವೆ. ವಿಟ್ಲಪಿಂಡಿಯ ದಿನ ಹುಲಿವೇಷಗಳ ಕುಣಿತಕ್ಕೂ ಇದೇ ಅಂಗಳ.

ಪರ್ಯಾಯದ ವಿಚಾರವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಮೊದಲು ಎಂಟು ಮಠಗಳವರು ಎರಡೆರಡು ತಿಂಗಳಂತೆ ಸರದಿಯಲ್ಲಿ ಕೃಷ್ಣಪೂಜೆ ಮಾಡುತ್ತಿದ್ದರು. 16ನೆಯ ಶತಮಾನದಲ್ಲಿ ವಾದಿರಾಜರು ಇದನ್ನು ಎರಡು ವರ್ಷಕ್ಕೆ ಏರಿಸಿದರು. ಎಂಟು ಮಠಗಳಿಗೆ ಎರಡೆರಡು ವರ್ಷವೆಂದರೆ ಒಂದು ಸುತ್ತಿಗೆ 16 ವರ್ಷ. ಇಂದು 13 ವರ್ಷದ ವಿದ್ಯಾರ್ಥಿಗೆ ಅದೇ ಮಠದ ಸರದಿ ಮತ್ತೆ ಬರುವಾಗ 29 ತುಂಬಿರುತ್ತದೆ. ವಿಚಿತ್ರವೆಂದರೆ ಬ್ರಸೆಲ್ಸಿನವರೂ ಎರಡು ವರ್ಷಕ್ಕೊಮ್ಮೆ ಆಗಸ್ಟಿನಲ್ಲಿ ತಮ್ಮ ಚೌಕದಲ್ಲಿ ಹೂವಿನ ಜಮಖಾನ ಹಾಸುತ್ತಾರೆ.

ಪರ್ಯಾಯದ ಮೆರವಣಿಗೆ ಜೋಡುಕಟ್ಟೆಯಿಂದ ಹೊರಟು ಬೆಳಗಿನ ಜಾವಕ್ಕೆ ರಥಬೀದಿಗೆ ಬರುತ್ತದೆ. ಸ್ವಾಮಿಗಳು ಮೊದಲು ದರ್ಶನ ಮಾಡುವುದು ಕನಕನ ಕಿಂಡಿಯಲ್ಲಿ. ಹೊರಗೆ ನಿಂತ ಕನಕದಾಸರಿಗೆ ಕೃಷ್ಣನು ದರ್ಶನವಿತ್ತನೆಂದು ಜನ ನಂಬುವ ಕಿಂಡಿ ಇದು. 2026ರ ಜನವರಿ 18ರಂದು ಶೀರೂರು ಮಠದ ಪರ್ಯಾಯ ಆರಂಭವಾಯಿತು, ಮುಂದಿನದು 2028ರಲ್ಲಿ.

ಶಾಲಾ ಪ್ರವಾಸದಲ್ಲಿ ಹೋಗುವವರು ಜಾತ್ರೆಯಿಲ್ಲದ ಒಂದು ಬೆಳಗ್ಗೆ ಈ ಬೀದಿಗೆ ಪೂರ್ತಿ ಒಂದು ಸುತ್ತು ಬರಬೇಕು. ಮಠಗಳ ಹೆಬ್ಬಾಗಿಲು, ಹೂವಿನ ಬುಟ್ಟಿಗಳು, ನಿಂತ ರಥಗಳ ಚಕ್ರಗಳು ಎಲ್ಲವೂ ಆಗ ನಿಧಾನವಾಗಿ ಕಾಣಸಿಗುತ್ತವೆ.