ಶೀತಲ ಸಮರ: ಆರ್ಟೀಸಿಯಾ ಸುತ್ತಮುತ್ತಲ ದಕ್ಷಿಣ ಕ್ಯಾಲಿಫೋರ್ನಿಯಾ

1. ಅವಧಿ: 1947 (ಟ್ರೂಮನ್ ಸಿದ್ಧಾಂತ) – 1991 (ಸೋವಿಯತ್ ವಿಸರ್ಜನೆ).
2. ಬಣಗಳು: ನ್ಯಾಟೊ (1949), ವಾರ್ಸಾ ಒಪ್ಪಂದ (1955).
3. ಸಾಂಟಾ ಮೋನಿಕಾ: ರ‍್ಯಾಂಡ್ ಕಾರ್ಪೊರೇಷನ್ (1948), ಅಣ್ವಸ್ತ್ರ ತಂತ್ರದ ಅಧ್ಯಯನ.
4. ಸ್ಯಾನ್ ಡಿಯಾಗೊ: ಕಾನ್ವೇರ್ ಕಂಪನಿಯ ಅಟ್ಲಾಸ್ ಕ್ಷಿಪಣಿ, ಮೊದಲ ಯಶಸ್ವಿ ಹಾರಾಟ 17-12-1957.
5. ಬರ್ಬ್ಯಾಂಕ್: ಲಾಕ್‌ಹೀಡ್‌ನ ಯು-2 ಬೇಹುಗಾರಿಕೆ ವಿಮಾನ; ಸೋವಿಯತ್ ಹೊಡೆದುರುಳಿಸಿದ್ದು 1-5-1960; ಪೈಲಟ್ ಗ್ಯಾರಿ ಪವರ್ಸ್.
6. ಲಾಸ್ ಏಂಜಲಿಸ್: ಸೋವಿಯತ್ ನಾಯಕ ಕ್ರುಶ್ಚೇವ್ ಭೇಟಿ 19-9-1959, ಭದ್ರತೆಯ ಕಾರಣಕ್ಕೆ ಡಿಸ್ನಿಲ್ಯಾಂಡ್ ಭೇಟಿ ರದ್ದು.

ಗೊಂದಲ ಬೇಡ:
• ಮೊದಲ ಖಂಡಾಂತರ ಕ್ಷಿಪಣಿ: ಜಗತ್ತಿನಲ್ಲಿ ಸೋವಿಯತ್ ಆರ್-7 (ಆಗಸ್ಟ್ 1957); ಅಮೆರಿಕದಲ್ಲಿ ಅಟ್ಲಾಸ್.
• ಲಾಸ್ ಏಂಜಲಿಸ್ ಸುತ್ತ ನಿಲ್ಲಿಸಿದ್ದ ನೈಕಿ ಕ್ಷಿಪಣಿ: ನೆಲದಿಂದ ಆಕಾಶಕ್ಕೆ. ಅದರ ಮಾದರಿಗಳಲ್ಲಿ ಏಜಾಕ್ಸ್‌ಗೆ ಸಾಮಾನ್ಯ ಸಿಡಿತಲೆ. ಹರ್ಕ್ಯುಲಿಸ್‌ಗೆ ಅಣುಸಿಡಿತಲೆಯ ಸಾಮರ್ಥ್ಯ.
• ಅಣ್ವಸ್ತ್ರ ಒಪ್ಪಂದಗಳು: ಸಾಲ್ಟ್-1 (1972): ಮಿತಿ, ಸ್ಟಾರ್ಟ್-1 (1991): ಕಡಿತ.

ಊರು–ಸಂಸ್ಥೆ–ಇಸವಿ ಒಟ್ಟಿಗೇ ನೆನಪಿಡಿ. ಹೊಂದಿಸಿ ಬರೆಯುವ ಪ್ರಶ್ನೆಗೆ ಇದೇ ಆಧಾರ.